ಮಾವನ ಮಾದರಿ ತೂಕ

ಪಾಮನಕಲ್ಲೂರಿನಲ್ಲಿ ತೂಕದ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ತೊಗರಿ, ಹತ್ತಿ, ಸಜ್ಜೆ ಬೆಳೆಯುವ ಊರು. ಬೆಳೆದದ್ದೆಲ್ಲ ಒಂದಲ್ಲ ಒಂದು ದಿನ ಯಾರದೋ ಕಾಟಾದ ಮೇಲೆ ಕೂರಲೇಬೇಕು. ಕೂತಾಗ ಬಾರದಾನಕ್ಕೆಂದು, ಅಂದರೆ ಖಾಲಿ ಚೀಲದ ತೂಕಕ್ಕೆಂದು, ಎಷ್ಟು ಕಳೆದರು, ಸೂಟು ಅಂತ ಎಷ್ಟು ಹಾರಿಸಿದರು ಎಂಬುದರ ಮೇಲೆ ಇಡೀ ವರ್ಷದ ಸಂಸಾರ ನಿಂತಿರುತ್ತದೆ. ಅತ್ತ ಸಿಂಧನೂರಿನ ಕಾಲುವೆ ನೀರಿನ ಮಂದಿ ಭತ್ತವನ್ನು 75 ಕಿಲೋದ ಚೀಲದಲ್ಲಿ ಎಣಿಸುತ್ತಾರೆ. ಇತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯವರು ಟನ್ನುಗಟ್ಟಲೆ ಕಲ್ಲು ಪುಡಿಮಾಡಿ ಗ್ರಾಮಿನ ಲೆಕ್ಕದಲ್ಲಿ ಚಿನ್ನ ತೆಗೆಯುತ್ತಾರೆ. ಇಂಥ ಸೀಮೆಯಲ್ಲಿ ನಮ್ಮ ಸೋದರಮಾವ, ಅದೂ ಅಡತಿ ಅಂಗಡಿ ಇಟ್ಟವನು, ತನ್ನ ಮೈತೂಕ ಎಷ್ಟಿರಬೇಕೆಂದು ತಾನೇ ಗೊತ್ತುಮಾಡಿಕೊಳ್ಳಬೇಕಾಗಿ ಬಂದದ್ದು ಊರಿಗೆಲ್ಲ ಒಂದು ಸುಗ್ಗಿ.

ಮಾವನ ಎತ್ತರ ಐದಡಿ ಏಳಿಂಚು, ಅಂದರೆ 170 ಸೆಂಟಿಮೀಟರು. ತೂಕ ಒಂದು ಕಾಲಕ್ಕೆ 138 ಕಿಲೋ. ಅಷ್ಟಿದ್ದರೂ ಅವನನ್ನು ಯಾರೂ ದಪ್ಪ ಅಂದದ್ದಿಲ್ಲ. ನಮ್ಮ ಕಡೆ ಅಂಗಡಿ ಗಾದಿಯ ಮೇಲೆ ಕೂತವನು ಗಾದಿ ತುಂಬ ಕಾಣಬೇಕು. ‘ಗಟ್ಟಿ ಆಳು’ ಅನ್ನುವುದು ಸಾಲ ಕೊಡುವವನಿಗೂ ತಕ್ಕುದು, ಸಾಲ ಕೇಳುವವನಿಗೂ ತಕ್ಕುದು. ಅವನ ಭಾರ ಊರ ಲೆಕ್ಕಕ್ಕೆ ಬಂದದ್ದು 2020ರ ಕೊನೆಯಲ್ಲಿ, 5ಎ ಕಾಲುವೆಗಾಗಿ ನಮ್ಮೂರಲ್ಲಿ ರೈತರು ಧರಣಿ ಕೂತಾಗ. ನಾರಾಯಣಪುರ ಬಲದಂಡೆಯ ನೀರು ಈ ಒಣಭೂಮಿಗೂ ಬರಲಿ ಎನ್ನುವ ಹೋರಾಟ, ತಿಂಗಳುಗಟ್ಟಲೆ ನಡೆಯಿತು. ಮಾವ ಬೆಂಬಲಕ್ಕೆಂದು ಹೋಗಿ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೂತದ್ದೇನೋ ಸರಿ, ಸಂಜೆ ಏಳಲು ಹೋದರೆ ಮೊಣಕಾಲು ಒಲ್ಲೆ ಎಂದವು. ಅವನದೇ ಅಂಗಡಿಯ ಹಮಾಲರಿಬ್ಬರು ಕಂಕುಳಿಗೆ ಕೈಹಾಕಿ ಎತ್ತಬೇಕಾಯಿತು. “ಹೋರಾಟಗಾರ ಅಂದ್ರ ಹಿಂಗಿರಬೇಕ್ ನೋಡ್ರಿ, ಕೂತ ಜಾಗ ಬಿಟ್ಟು ಕದಲಂಗಿಲ್ಲ” ಎಂದು ಯಾರೋ ಅಂದರು. ಎಲ್ಲರ ಜೊತೆ ಮಾವನೂ ನಕ್ಕ. ಮನೆಗೆ ಬಂದ ಮೇಲೆ ನಗಲಿಲ್ಲ.

ಸಕ್ಕರೆ ಬ್ಯಾನಿ ಮೊದಲೇ ಇತ್ತು, ಬಿ.ಪಿ. ಜೊತೆಗಿತ್ತು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತದೆಂದು ಮೂಗಿಗೆ ಹಾಕಿಕೊಳ್ಳುವ ಮಶೀನೊಂದು ಬಂದಿತ್ತು. ಅದು ಬಂದ ದಿನದಿಂದ ಅತ್ತಿ ಪಡಸಾಲೆಯಲ್ಲಿ ಮಲಗತೊಡಗಿದ್ದಳು. ರಾಯಚೂರಿನ ಡಾಕ್ಟರು ಹೈದರಾಬಾದಿಗೆ ಚೀಟಿ ಬರೆದುಕೊಟ್ಟರು. ಆಪರೇಶನ್ ಅಂದ ಕೂಡಲೇ ಅಜ್ಜಿ ಹೌಹಾರಿದಳು. “ಉಣ್ಣೂ ಹೊಟ್ಟಿಗೆ ಕತ್ತರಿ ಹಾಕ್ಸೋದು ಯಾವ ಧರ್ಮದಾಗ ಐತೋ?” ಮಾವ ದೊಡ್ಡವರ ಹೆಸರು ಹೇಳಿ ಒಪ್ಪಿಸಿದ: ನಿತಿನ್ ಗಡ್ಕರಿ 2011ರಲ್ಲಿ ಮಾಡಿಸಿಕೊಂಡಿದ್ದಾರೆ, ಅರುಣ್ ಜೇಟ್ಲಿ ಮಂತ್ರಿಯಾಗಿದ್ದಾಗಲೇ 2014ರಲ್ಲಿ ಮಾಡಿಸಿಕೊಂಡರು. ಅಜ್ಜಿಗೆ ಇಬ್ಬರೂ ಗೊತ್ತಿಲ್ಲ. “ಮಂತ್ರಿಗೋಳಿಗೆ ಉಣ್ಣಾಕ ಬ್ಯಾರೆ ಭಾಳ ಇರ್ತಾವು ಬಿಡು” ಎಂದು ಸುಮ್ಮನಾದಳು.

ಮಾವ ಮಾಡಿಸಿಕೊಂಡದ್ದಕ್ಕೆ ಸ್ಲೀವ್ ಎನ್ನುತ್ತಾರೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಹಾಕಿ, ಜಠರದ ಮುಕ್ಕಾಲಿಗೂ ಮಿಕ್ಕ ಭಾಗವನ್ನು ಕತ್ತರಿಸಿ, ಪಿನ್ನು ಹೊಡೆದು, ಹೊರಗೆ ತೆಗೆಯುತ್ತಾರೆ; ಒಳಗೆ ಉಳಿಯುವುದು ಒಂದು ಸಪೂರ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ಆ ತೆಗೆದ ಭಾಗದಲ್ಲೇ ಆದ್ದರಿಂದ ಹೊಟ್ಟೆಯ ಜೊತೆಗೆ ಹಸಿವೂ ಸಣ್ಣದಾಗುತ್ತದೆ. ಊರಲ್ಲಿ ಮಾತ್ರ ಇದು ‘ಕೊಬ್ಬು ತೆಗಿಸ್ಕೊಂಡು ಬಂದಾನ’ ಎಂದೇ ಪ್ರಚಾರವಾಯಿತು. ಕೊಬ್ಬು ಹೀರಿ ತೆಗೆಯುವ ಆಪರೇಶನ್ನೇ ಬೇರೆ, ಇದರಲ್ಲಿ ಕೊಬ್ಬಿಗೆ ಯಾರೂ ಕೈಹಚ್ಚುವುದಿಲ್ಲ, ಅದು ಇದ್ದಲ್ಲೇ ಕರಗಬೇಕು ಎಂದು ನಾನು ಚಾದಂಗಡಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. “ಹಂಗಾರ ಅಷ್ಟು ರೊಕ್ಕ ಯಾತಕ್ಕ ತಗೊಂಡ್ರು?” ಎಂಬ ಪ್ರಶ್ನೆ ಬಂದಾಗ ಚಾ ಕುಡಿದು ಎದ್ದಿದ್ದೇನೆ.

ಆಮೇಲಿನ ಊಟ ನೋಡಬೇಕಿತ್ತು. ಮೊದಲೆಲ್ಲ ಮಾವ ತಾಟಿನ ಮುಂದೆ ಕೂತರೆ ಅತ್ತಿ ರೊಟ್ಟಿ ಎಣಿಸುವುದನ್ನೇ ಬಿಟ್ಟಿದ್ದಳು. ಆಪರೇಶನ್ ಆದ ಮೇಲೆ ಮೊದಲು ಬರೀ ತಿಳಿ, ಆಮೇಲೆ ಗಂಜಿ, ಆಮೇಲೆ ಮಿದ್ದಿದ್ದು. ತಿಂಗಳ ಮೇಲಾದ ಬಳಿಕ ರೊಟ್ಟಿಯ ಮುಖ ಕಂಡಿತು, ಅದೂ ಅರ್ಧ. ತತ್ತಿಯೋ ಹೆಸರುಕಾಳು ಪಲ್ಯವೋ ಮೊದಲು ಮುಗಿಯಬೇಕು, ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನು ಹೊಟ್ಟೆಗೆ ಬೀಳಬೇಕು, ರೊಟ್ಟಿ ಆಮೇಲೆ. ನಡುವೆ ನೀರು ಕುಡಿಯುವಂತಿಲ್ಲ. ಉಂಡು ಅರ್ಧ ತಾಸಿನ ನಂತರ ಗುಟುಕು ಗುಟುಕಾಗಿ. ಬಿಳಿಜೋಳದ ಕಟಿರೊಟ್ಟಿಯನ್ನು ನೀರಿಲ್ಲದೆ ಇಳಿಸುವ ವಿದ್ಯೆ ಮಾವ ಕಲಿತ. ಹೆಬ್ಬೆರಳಿನ ಉಗುರಿನಷ್ಟು ಚೂರು ಮುರಿಯುತ್ತಾನೆ, ಪುಂಡಿಪಲ್ಯದಲ್ಲಿ ಒತ್ತಿ ಮೆತ್ತಗೆ ಮಾಡುತ್ತಾನೆ, ಬಾಯಿಗಿಡುತ್ತಾನೆ, ಎದುರಿನ ಕ್ಯಾಲೆಂಡರ್ ನೋಡುತ್ತ ಅಗಿಯುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತ ನನ್ನದು ಎರಡು ರೊಟ್ಟಿ ಮುಗಿದಿರುತ್ತದೆ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಯಾರದೋ ಒತ್ತಾಯಕ್ಕೆ ನಾಲ್ಕು ಚಮಚ ಹುಗ್ಗಿ ನುಂಗಿದ. ಸ್ವಲ್ಪ ಹೊತ್ತಿಗೆ ಎದೆ ಢವಢವ, ಹಣೆ ತುಂಬ ಬೆವರು. ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗಿದವನು ಬಂಡಿ ಹೂಡುವ ತನಕ ಏಳಲಿಲ್ಲ. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಹಾಗಾಗುತ್ತದಂತೆ. ಅಂದಿನಿಂದ ಒತ್ತಾಯ ಮಾಡುವವರು ದೂರ ಕೂರತೊಡಗಿದರು.

ತೂಕ ಇಳಿಯಿತು. ಮೊದಲ ಆರು ತಿಂಗಳು ಭರಾಟೆಯಿಂದ, ಆಮೇಲೆ ಯೋಚನೆ ಮಾಡಿ ಮಾಡಿ. ನಡುವೆ ಬಾಚಣಿಗೆ ತುಂಬ ಕೂದಲು ಉದುರಿತು. ಅದು ಮೂರನೇ ತಿಂಗಳಿಂದಾಚೆ ಬಹಳ ಜನಕ್ಕೆ ಆಗುವಂಥದ್ದು, ಹೊರಳಿ ಬರುತ್ತದೆ ಎಂದು ಹೈದರಾಬಾದಿನವರು ಮೊದಲೇ ಹೇಳಿದ್ದರು. ಅಂಗಡಿಗೆ ಬಂದವರು ಈಗ ಮಾಲಿನ ಧಾರಣೆ ಕೇಳುವ ಮೊದಲು “ಯಾಕ್ರೀ ಸಾವುಕಾರ್ರ, ಭಾಳ ಸೊರಗೀರಿ?” ಎಂದು ಕೇಳತೊಡಗಿದರು. ಸೊರಗಿದವನು ಒಂದೋ ಬ್ಯಾನಿ ಬಿದ್ದಿರಬೇಕು ಇಲ್ಲವೇ ಲುಕ್ಸಾನಾಗಿರಬೇಕು. ಎರಡನೆಯ ಅನುಮಾನ ವ್ಯಾಪಾರಕ್ಕೆ ಒಳ್ಳೆಯದಲ್ಲ. ಹೀಗಾಗಿ ಮಾವ ಬಂದವರಿಗೆಲ್ಲ ತನ್ನ ಆಪರೇಶನ್ನಿನ ಬಿಲ್ಲಿನ ಮೊತ್ತ ಹೇಳಿ, ತಾನಿನ್ನೂ ಕುಳವೇ ಎಂದು ಖಾತ್ರಿ ಮಾಡಿಕೊಡುತ್ತಿದ್ದ.

ಒಂದೂವರೆ ವರ್ಷದ ಹೊತ್ತಿಗೆ ಕಾಟಾ 96ರ ಮೇಲೆ ನಿಂತಿತು. ಹೈದರಾಬಾದಿನ ಆಹಾರತಜ್ಞೆ ಫೋನಿನಲ್ಲಿ, ನಿಮ್ಮ ಗುರಿ ಎಷ್ಟು ಅಂತ ಇಟ್ಟುಕೊಂಡಿದ್ದೀರಿ ಎಂದು ಕೇಳಿದಳು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದಳು, ಪಾಪ. ಮಾವ ಅದನ್ನು ಊಟದ ಹೊತ್ತಿಗೆ ಮನೆಯವರ ಮುಂದಿಟ್ಟ.

ಅತ್ತಿ 64 ಎಂದಳು. ಅದು ಲಗ್ನದಲ್ಲಿ ಅವನಿದ್ದ ತೂಕ. ಆಲ್ಬಮ್ಮಿನಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತ ಹುಡುಗನ ಕೊರಳ ನರ ಎಣಿಸಬಹುದು. ಅವನಿಗೆ ಆಗ ಇಪ್ಪತ್ತೆರಡು ವಯಸ್ಸು, ದಿನಾ ಕವಿತಾಳಕ್ಕೆ ಸೈಕಲ್ ಹೊಡೆಯುತ್ತಿದ್ದ. ಅಜ್ಜಿ 120 ಎಂದಳು. ಅವಳಿಗೆ ಕಿಲೋ ತಿಳಿಯುವುದಿಲ್ಲ, ಮಗನ ಗಲ್ಲ ಎಂದು ತುಂಬಿಕೊಂಡಿತ್ತೋ ಆಗ ಎಷ್ಟಿದ್ದ ಎಂದು ಕೇಳಿ ತಿಳಿದು ಹೇಳಿದ ಅಂಕಿ. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿನಲ್ಲಿ ಎತ್ತರ ಒತ್ತಿ 66 ಎಂದು ಕಳಿಸಿದಳು. ಅದರ ಮುಂದೆ ನಗುವ ಮುಖದ ಚಿತ್ರವೂ ಇತ್ತು. ಮಾವನ ಮುಖ ಹಾಗಿರಲಿಲ್ಲ.

ಈ 66 ಬಂದದ್ದೆಲ್ಲಿಂದ ಎಂದು ಹುಡುಕಿ ಹೊರಟರೆ ಬೆಲ್ಜಿಯಂ ದೇಶಕ್ಕೆ ಹೋಗಿ ಮುಟ್ಟುತ್ತೇವೆ. ಅಡಾಲ್ಫ್ ಕ್ವೆಟಲೆ ಎಂಬ ಖಗೋಳಶಾಸ್ತ್ರಜ್ಞ 1830ರ ದಶಕದಲ್ಲಿ ನಕ್ಷತ್ರ ಬಿಟ್ಟು ಮನುಷ್ಯರನ್ನು ಅಳೆಯಲು ಕೂತ. ಬೆಳೆದ ಮನುಷ್ಯರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಕಂಡುಕೊಂಡ. ಅವನಿಗೆ ಬೇಕಾಗಿದ್ದದ್ದು ‘ಸರಾಸರಿ ಮನುಷ್ಯ’. ಯಾರು ದಪ್ಪ, ಯಾರು ತೆಳ್ಳಗೆ ಎಂಬ ತಂಟೆಗೇ ಅವನು ಹೋದವನಲ್ಲ. ಎಷ್ಟೋ ಕಾಲದ ಮೇಲೆ, 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅದೇ ಲೆಕ್ಕಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟ. ಆಮೇಲೆ ಗೆರೆಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳು 25 ಮತ್ತು 30. ನಮ್ಮ ದೇಶದ ವೈದ್ಯರು 2009ರಲ್ಲಿ, ಭಾರತದವರಿಗೆ ಅಷ್ಟು ಸಲಿಗೆ ಬೇಡ ಎಂದು 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಎಂದು ಇಳಿಸಿದರು. ಮಾವ 96 ಕಿಲೋಗೆ ಬಂದಾಗ ಅವನ ಇಂಡೆಕ್ಸು 33. ಅಂದರೆ ನಲವತ್ತೆರಡು ಕಿಲೋ ಕಳೆದುಕೊಂಡು, ಮಶೀನು ಬಿಟ್ಟು, ಸಕ್ಕರೆ ಗುಳಿಗೆ ಮೂರರಿಂದ ಒಂದಕ್ಕೆ ಇಳಿಸಿದ ಮೇಲೂ ಎರಡೂ ಕಡೆಯ ಗೆರೆಗಳ ಪ್ರಕಾರ ಬೊಜ್ಜಿನವನೇ.

ಅದಕ್ಕಿಂತ ಮಜ ವಿಮೆ ಕಂಪನಿಯದು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಲೈಫ್ ಎಂಬ ಕಂಪನಿ ತನ್ನ ಪಾಲಿಸಿದಾರರಲ್ಲಿ ಯಾವ ತೂಕದವರು ಹೆಚ್ಚು ಕಾಲ ಬದುಕಿ ಕಂತು ಕಟ್ಟುತ್ತಾರೆ ಎಂದು ನೋಡಿ, 1940ರ ದಶಕದಲ್ಲಿ ಒಂದು ಪಟ್ಟಿ ಮಾಡಿ ಅದನ್ನು ‘ಆದರ್ಶ ತೂಕ’ ಎಂದಿತು. 1959ರಲ್ಲಿ ಮತ್ತೊಂದು ಪಟ್ಟಿ, ಆಗ ಹೆಸರು ‘ಅಪೇಕ್ಷಣೀಯ ತೂಕ’. 1983ರ ಪಟ್ಟಿಯ ಹೊತ್ತಿಗೆ ಆದರ್ಶವೂ ಇಲ್ಲ ಅಪೇಕ್ಷೆಯೂ ಇಲ್ಲ, ಬರೀ ಎತ್ತರ-ತೂಕದ ಪಟ್ಟಿ. ಬಹಳ ಕಾಲ ಬೊಜ್ಜಿನ ಸರ್ಜನ್ನರು ‘ಹೆಚ್ಚುವರಿ ತೂಕ’ ಎಷ್ಟು ಎಂದು ಲೆಕ್ಕ ಹಾಕಿದ್ದು ಈ ಪಟ್ಟಿಗಳನ್ನು ಮುಂದಿಟ್ಟುಕೊಂಡೇ. ಆ 1983ರ ಪಟ್ಟಿಯಲ್ಲಿ ಗಂಡಸರ ತೂಕದಲ್ಲಿ ಬಟ್ಟೆಗೆಂದು ಐದು ಪೌಂಡು, ಹೆಂಗಸರಿಗೆ ಮೂರು ಪೌಂಡು ಸೇರಿತ್ತು; ಬೂಟಿನ ಹಿಮ್ಮಡಿ ಒಂದಿಂಚು ಎಂದೂ ಹಿಡಿದಿದ್ದರು. ಇದನ್ನು ಹೇಳಿದಾಗ ಮಾವನ ಕಣ್ಣು ಅರಳಿದವು.

“ಅಂದ್ರ ಬಾರದಾನ ಹಿಡದಾರ!” ಎಂದ.

ಹಿಡಿದಿದ್ದರು. ಮಾವನಿಗೆ ಇದು ಸುಮ್ಮನೆ ಬಿಡುವ ವಿಷಯವಲ್ಲ. ಅಷ್ಟೊಂದು ಇಳಿದವರ ಮೈಮೇಲೆ ಚರ್ಮ ಜೋತುಬಿದ್ದು ಉಳಿಯುತ್ತದೆ, ತೋಳಲ್ಲಿ, ಹೊಟ್ಟೆಯಲ್ಲಿ, ತೊಡೆಯಲ್ಲಿ; ಅದು ಊಟ ಬಿಟ್ಟರೆ ಕರಗುವಂಥದ್ದಲ್ಲ, ಬೇಡವಾದರೆ ಬೇರೆ ಆಪರೇಶನ್ ಮಾಡಿಸಬೇಕು. ಮಾವ ಬನಿಯನ್ ಎತ್ತಿ ಹೊಟ್ಟೆಯ ಮಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, “ಮಾಲ್ ಖಾಲಿ ಆದ್ರೂ ಚೀಲ ಇಲ್ಲೇ ಐತಿ. ಇದರ ತೂಕ ಮೊದಲು ಕಳೀಬೇಕೋ ಬ್ಯಾಡೋ?” ಎಂದು ನ್ಯಾಯ ಕೇಳಿದ. ಕಳೆಯಬೇಕು ಎಂದು ನಾನು ತೀರ್ಪು ಕೊಟ್ಟೆ. ಎಷ್ಟು ಕಿಲೋ ಎಂಬುದರ ಮೇಲೆ ಸ್ವಲ್ಪ ಚೌಕಾಶಿ ನಡೆಯಿತು. ತನ್ನ ಅಂಗಡಿಯಲ್ಲಿ ರೈತರಿಗೆ ಸೂಟು ಕಳೆಯುವಾಗ ಇದೇ ಉದಾರ ಬುದ್ಧಿ ಇರುತ್ತದೆಯೇ ಎಂದು ಅತ್ತಿ ಒಳಗಿನಿಂದಲೇ ಕೇಳಿದಳು.

ಸರ್ಜನ್ನರು ಈ ವಿಷಯದಲ್ಲಿ ನಮ್ಮ ಮನೆಯವರಿಗಿಂತ ಧಾರಾಳಿಗಳು. ಅವರ ಹಳೆಯ ಲೆಕ್ಕದಲ್ಲಿ ಹೆಚ್ಚುವರಿ ತೂಕದ ಅರ್ಧ ಇಳಿದರೆ ಸಾಕು, ಆಪರೇಶನ್ ಪಾಸು. ಇಂಡೆಕ್ಸು 25 ಎಂದು ಹಿಡಿದರೆ ಮಾವನಿಗೆ 72 ಕಿಲೋ, ಹೆಚ್ಚುವರಿ 66, ಅದರರ್ಧ 33, ಅಂದರೆ 105ಕ್ಕೆ ಬಂದ ದಿನವೇ ಅವನು ಪಾಸಾಗಿದ್ದ. ಈಗೀಗ ಒಟ್ಟು ತೂಕದಲ್ಲಿ ಎಷ್ಟು ಪಾಲು ಹೋಯಿತು ಎಂದು ನೋಡುತ್ತಾರೆ. ಸ್ಲೀವ್ ಆದವರದು ಸರಾಸರಿ ಕಾಲುಭಾಗದ ಆಸುಪಾಸು. ಸ್ವೀಡನ್ನಿನಲ್ಲಿ 1987ರಿಂದ ಇಂಥ ರೋಗಿಗಳ ಬೆನ್ನುಹತ್ತಿ ಬರೆದಿಟ್ಟ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಜಠರದ ಬೈಪಾಸ್ ಎಂಬ ಇನ್ನೊಂದು ಬಗೆಯ ಆಪರೇಶನ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಇಳಿದು, ಆಮೇಲೆ ನಿಧಾನವಾಗಿ ಒಂದಿಷ್ಟು ಮರಳಿ ಏರಿ, ಹತ್ತು ವರ್ಷಕ್ಕೆ ಕಾಲುಭಾಗದ ಇಳಿಕೆಯಲ್ಲಿ ನಿಂತರು. ಹಾಗೆ ಏರಿದ ಮೇಲೂ ಆಪರೇಶನ್ ಆದವರಲ್ಲಿ ಸಾವು ಕಡಿಮೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಇದು ನನಗೆ ಬಹಳ ಹಿಡಿಸಿದ ಸುದ್ದಿ. ಯಾವುದೋ ಒಂದು ಅಂಕಿ ಮುಟ್ಟಿ, ಫೋಟೋ ಹೊಡೆಸಿಕೊಂಡು, ಅಲ್ಲಿಂದ ಕದಲದೆ ಕೂರುವುದು ದೇಹದ ಜಾಯಮಾನದಲ್ಲೇ ಇಲ್ಲ ಎಂದ ಮೇಲೆ, 64 ಎನ್ನುವ ಅತ್ತಿಯೂ 66 ಎನ್ನುವ ಮೊಬೈಲೂ ಯಾರೊಡನೆ ಹಟ ಹಿಡಿದಿದ್ದಾರೆ?

ಹಾಗಂತ ತೂಕವೇ ಸುಳ್ಳು ಎನ್ನುವವರ ಪೈಕಿಯೂ ನಾನಲ್ಲ. ಚರಕ ಸಂಹಿತೆಯಲ್ಲಿ ನಿಂದ್ಯವಾದ ಎಂಟು ಬಗೆಯ ದೇಹಗಳ ಪಟ್ಟಿಯಿದೆ: ಅತಿ ಉದ್ದ, ಅತಿ ಗಿಡ್ಡ, ಅತಿ ಕೂದಲು, ಕೂದಲೇ ಇಲ್ಲದ್ದು, ಅತಿ ಕಪ್ಪು, ಅತಿ ಬಿಳುಪು, ಅತಿ ದಪ್ಪ, ಅತಿ ತೆಳು. ಚರಕ ಮೊದಲ ಆರನ್ನು ಹೆಸರಿಸಿ ಬಿಟ್ಟು ಕೊನೆಯ ಎರಡರ ಮೇಲೆ ವಿವರಕ್ಕಿಳಿಯುತ್ತಾನೆ, ಎರಡರಲ್ಲಿ ದಪ್ಪವೇ ಕಷ್ಟ ಎನ್ನುತ್ತಾನೆ. ಆದರೆ ತೆಳ್ಳಗಿದ್ದವರೆಲ್ಲ ಪಾರಾದರು ಎಂದೂ ಅಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರ ಇಂಡೆಕ್ಸೂ ಒಂದೇ, 22.3. ಮೈಯ ಕೊಬ್ಬು ಅಳೆದರೆ ಇಂಗ್ಲಿಷಿನವನದು ಶೇ 9.1, ನಮ್ಮವರದು ಶೇ 21.2. ಮಾವ ಈ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡ. ಬಜಾರಿನಲ್ಲಿ ಅವನೆದುರಿನ ಅಡತಿಯವನು 58 ಕಿಲೋದ ಕಡ್ಡಿ ಆಳು. ಅವನಿಗೆ ಸಕ್ಕರೆಯೂ ಇದೆ, ಎದೆಯಲ್ಲಿ ಸ್ಟೆಂಟೂ ಇದೆ. ಮರುದಿನ ಮಾವ ರಸ್ತೆ ದಾಟಿ ಹೋಗಿ ಅವನಿಗೆ ಯಾಜ್ಞಿಕರ ವಿಷಯ ಸವಿಸ್ತಾರವಾಗಿ ತಿಳಿಸಿ ಬಂದ. ಸೊಂಟಕ್ಕೆ ಟೇಪು ಹಿಡಿ, ಗಂಡಸರಿಗೆ 90 ಸೆಂಟಿಮೀಟರು ದಾಟಬಾರದಂತೆ ಎಂದೂ ಹೇಳಿದನಂತೆ. ಅವನ ಸ್ವಂತ ಸೊಂಟ ಆ ಗೆರೆಯನ್ನು ಎಂದೋ ದಾಟಿ ಮುಂದಿನ ಊರಲ್ಲಿದೆ.

ಕೊನೆಗೆ ಗುರಿ ಗೊತ್ತಾದದ್ದು ಸಾಮ್ರಾಟ್ ಅಶೋಕನಿಂದ.

ಮಸ್ಕಿಯ ಶಾಸನ ನಮ್ಮ ಕಡೆಯವರಿಗೆ ಮನೆಯ ಮಾತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಅದನ್ನು ಕಂಡ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬಂಥ ಬಿರುದುಗಳು. ಅಶೋಕ ಎಂಬ ಹೆಸರು ಕಂಡದ್ದು ಮಸ್ಕಿಯಲ್ಲಿ. ನೆಂಟರೊಬ್ಬರಿಗೆ ತೋರಿಸಲು ಹೋದಾಗ ಮಾವನೂ ಬಂದಿದ್ದ, ಮೊದಲಾದರೆ ಕೆಳಗೆ ಕಾರಿನಲ್ಲೇ ಕೂರುವವನು ಈ ಸಲ ಬಂಡೆಯ ತನಕ ನಡೆದ. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನದಿಂದ ಧರ್ಮದ ಫಲವನ್ನು ಪಡೆಯಬಹುದು, ಹೀಗೆ ನಡೆದರೆ ಅದು ಬಹುಕಾಲ ಬಾಳಿ ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬುದು ಶಾಸನದ ತಾತ್ಪರ್ಯ ಎಂದು ನಾನು ನೆಂಟರಿಗೆ ವಿವರಿಸುತ್ತಿದ್ದೆ. ಹಿಂದಿನಿಂದ ಮಾವನ ಪ್ರಶ್ನೆ ಬಂತು. “ಎಷ್ಟು ಪಟ್ಟು ಅಂದಿ?”

“ಒಂದೂವರಿ, ಮಾವಾ.”

ಅಂಗಿಯ ಜೇಬಿನಿಂದ ಮೊಬೈಲು ತೆಗೆದ. ಅಡತಿ ಮಂದಿಗೆ ಲೆಕ್ಕ ಮನಸ್ಸಿನಲ್ಲೇ ಬರುತ್ತದೆ, ಆದರೂ ಖಾತ್ರಿಗೆ ಒತ್ತುತ್ತಾರೆ. ಒತ್ತಿ, ಪರದೆಯನ್ನು ನನ್ನ ಮೂಗಿಗೆ ಹಿಡಿದ. “ಅಳಿಯಾ, ಅವ ಹೇಳಿದಂಗ ನಾ ಬೆಳದೀನಿ. 138ಕ್ಕ ಒಂದೂವರಿಲೆ ಭಾಗಿಸಿದ್ರ 92. ನನ್ನ ಅಸಲು 92. ಮ್ಯಾಲಿಂದೆಲ್ಲ ಬಡ್ಡಿ.”

ನೆಂಟರಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು, ಮತ್ತು ತಪ್ಪು ಹುಡುಕಲು ಆಗಲಿಲ್ಲ. ಬೆಲ್ಜಿಯಂನ ನಕ್ಷತ್ರದವನ ಮಾತು ಕೇಳಬಹುದಾದರೆ, ನ್ಯೂಯಾರ್ಕಿನ ವಿಮೆಯವರ ಬೂಟಿನ ಹಿಮ್ಮಡಿಗೆ ತಲೆ ಬಾಗಬಹುದಾದರೆ, ನಮ್ಮದೇ ತಾಲ್ಲೂಕಿನ ಬಂಡೆಯ ಮೇಲೆ ಎರಡು ಸಾವಿರ ವರ್ಷದ ಮೇಲಿಂದ ಇರುವ ಅಂಕಿಗೇನು ಕೊರತೆ?

ಫೋನಿನಲ್ಲಿ 92 ಎಂದು ಹೇಳಿದಾಗ ಆಹಾರತಜ್ಞೆ ಅಂಕಿ ಎಲ್ಲಿಂದ ಬಂತು ಎಂದು ಕೇಳಲಿಲ್ಲ, ಅದು ಅವಳ ಪುಣ್ಯ. ಬೇರೆ ಪ್ರಶ್ನೆ ಕೇಳಿದಳು. ಕೂತಲ್ಲಿಂದ ಯಾರ ಕೈಯೂ ಹಿಡಿಯದೆ ಏಳುತ್ತೀರಾ? ಏಳುತ್ತೇನೆ. ಪ್ರೋಟೀನು ದಿನಾ ಆಗುತ್ತಿದೆಯಾ? ಆಗುತ್ತಿದೆ, ಶ್ರಾವಣದಲ್ಲಿ ತತ್ತಿಗೆ ತಾಯಿ ಬಿಡುವುದಿಲ್ಲ. ಬಿ12, ಕಬ್ಬಿಣ, ವಿಟಮಿನ್ ಡಿ ರಕ್ತಪರೀಕ್ಷೆ? ಮಾಡಿಸಿಲ್ಲ. ಗುಳಿಗೆಗಳು ಜೀವ ಇರುವ ತನಕ, ಪರೀಕ್ಷೆ ತಪ್ಪಿಸುವ ಹಾಗಿಲ್ಲ ಎಂದು ಬೈದಳು. ಮೂರು ತಿಂಗಳ ಸಕ್ಕರೆಯ ಸರಾಸರಿ? 6.2, ಮೊದಲು 9ರ ಮೇಲಿತ್ತು. ಈಗ ತಿನ್ನುವಷ್ಟನ್ನೇ ತಿಂದು, ಇಷ್ಟೇ ನಡೆದು, ಜಗಳವಿಲ್ಲದೆ ಎಷ್ಟರ ಮೇಲೆ ನಿಲ್ಲುತ್ತೀರೋ ಅದೇ ನಿಮ್ಮ ತೂಕ, 92 ಆದರೂ ಸರಿ, 97 ಆದರೂ ಸರಿ. ಅಲ್ಲಿಂದ ಕೆಳಗಿಳಿಯಲು ಉಪವಾಸ ಬೀಳಬೇಕಾದರೆ ಇಳಿಯಬೇಡಿ, ಮೇಲೆ ಹೊರಟರೆ ನನಗೆ ಫೋನ್ ಮಾಡಿ ಎಂದಳು. ಇಷ್ಟು ಅಂಕಿಗಳ ನಡುವೆ ನಾನು ಕೇಳಿದ ಒಂದೇ ಒಂದು ಬುದ್ಧಿಯ ಮಾತು ಅದು. ಅದನ್ನು ಹೇಳಿದವಳು ಮೂವತ್ತು ದಾಟದ ಹುಡುಗಿ.

ಮಾವ ಅದನ್ನು ತನ್ನ ಭಾಷೆಗೆ ಇಳಿಸಿಕೊಂಡ. ಪೇಪರಿನಲ್ಲಿ ಎಪಿಎಂಸಿ ಧಾರಣೆ ಬರುತ್ತದಲ್ಲ, ತೊಗರಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಮಾದರಿ ಇಷ್ಟು ಎಂದು? ಕ್ಯಾಲೆಂಡರಿನ ಅಂಚಿಗೆ ಪೆನ್ನಿನಲ್ಲಿ ಬರೆದ: ಕನಿಷ್ಠ 90, ಗರಿಷ್ಠ 97, ಮಾದರಿ 92. ಪ್ರತಿ ಸೋಮವಾರ ಬೆಳಿಗ್ಗೆ ಬರಿ ಲುಂಗಿಯಲ್ಲಿ ಕಾಟಾ ಹತ್ತಿ, ಬಂದದ್ದನ್ನು ಅದರ ಕೆಳಗೆ ಬರೆಯುತ್ತಾನೆ. ಲುಂಗಿಯ ತೂಕ ಬೇರೆ ತೂಗಿ ಇಟ್ಟಿದ್ದಾನೆ.

ಇದಾದ ಮೇಲೆ ಬಟ್ಟೆಯ ಪ್ರಶ್ನೆ ಎದ್ದಿತು. ಹಳೆಯ ಪ್ಯಾಂಟುಗಳಲ್ಲಿ ಈಗ ಇಬ್ಬರು ಮಾವಂದಿರು ಹಿಡಿಯುತ್ತಾರೆ. ಗುರಿ ಗೊತ್ತಾಗುವ ತನಕ ಹೊಸವು ಹೊಲಿಸುವುದಿಲ್ಲ ಎಂದು ಇಷ್ಟು ದಿನ ಪಂಚೆಯಲ್ಲೇ ಕಳೆದಿದ್ದ. ಯುಗಾದಿಗೆ ಮುಂಚೆ ಮಸ್ಕಿಯ ಟೇಲರನ ಹತ್ತಿರ ಹೋದೆವು. ಆ ಮನುಷ್ಯ ಮಾವನ 138ರ ಕಾಲದಿಂದಲೂ ಅಳತೆ ತೆಗೆದವನು, ಅಳತೆ ಪುಸ್ತಕದ ಹಳೆಯ ಹಾಳೆ ತಿರುವಿ, ಟೇಪು ಸೊಂಟಕ್ಕೆ ಸುತ್ತಿ, ಹೊಸ ಅಂಕಿ ಬರೆದುಕೊಂಡ. ಮಾವ ಅವನಿಗೂ ಎಲ್ಲ ವಿವರಿಸಿದ: ಕ್ವೆಟಲೆ, ವಿಮೆ ಕಂಪನಿ, ಸ್ವೀಡನ್, ಅಶೋಕ. ಇನ್ನು ಇದೇ ಖಾಯಂ, ಹೆಚ್ಚುಕಡಿಮೆ ಏನಿಲ್ಲ, ಖಡಕ್ ಹೊಲಿ ಎಂದ. ಟೇಲರ್ ಬಾಯಲ್ಲಿದ್ದ ಸೀಮೆಸುಣ್ಣದ ಚೂರು ತೆಗೆದು, “ಆತು ಬಿಡ್ರಿ ಸಾವುಕಾರ್ರ” ಎಂದ.

ಪ್ಯಾಂಟು ಬಂದ ಮೇಲೆ ಅತ್ತಿ ಸೊಂಟಪಟ್ಟಿ ಮಗುಚಿ ನೋಡಿದಳು. ಹಿಂದಿನ ಹೊಲಿಗೆಯೊಳಗೆ ಎರಡಿಂಚು ಬಟ್ಟೆ ಮಡಚಿ ಬಿಟ್ಟಿದ್ದ.